ಸಂಖ್ಯೆಯಾಗಿ ಉಳಿದ ಸಿಪಾಯಿಗಳು

ಬೆಲ್ಜಿಯಂ ದೇಶದ ಪಶ್ಚಿಮದ ಅಂಚಿನಲ್ಲಿ ಈಪರ್ ಎಂಬ ಊರಿದೆ. ಜನಸಂಖ್ಯೆಯಲ್ಲಿ ನಮ್ಮ ಬೈಲಹೊಂಗಲಕ್ಕಿಂತ ಚಿಕ್ಕದು. ಅಲ್ಲಿ ಪ್ರತಿದಿನ ಸಂಜೆ ಎಂಟು ಗಂಟೆಗೆ ಸ್ವಲ್ಪ ಮೊದಲು ಪೊಲೀಸರು ಒಂದು ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸುತ್ತಾರೆ. ಮೆನಿನ್ ಗೇಟ್ ಎಂಬ ದೊಡ್ಡ ಕಮಾನಿನ ಕೆಳಗೆ ಹಾದುಹೋಗುವ ರಸ್ತೆ ಅದು. ಎಂಟು ಹೊಡೆಯುತ್ತಿದ್ದಂತೆ ಊರಿನ ಅಗ್ನಿಶಾಮಕ ದಳದ ಕೆಲವರು ಸಮವಸ್ತ್ರದಲ್ಲಿ ನಡುರಸ್ತೆಗೆ ಬಂದು, ಸಾಲಾಗಿ ನಿಂತು ಬ್ಯೂಗಲ್ ಊದುತ್ತಾರೆ. ನೂರು ವರ್ಷಗಳ ಹಿಂದಿನ ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ನಡೆಯುವ ನಿತ್ಯದ ಸ್ಮರಣೆ ಇದು. ಯುರೋಪ್ ಪ್ರವಾಸದಲ್ಲಿ ನಾನೂ ಒಂದು ಸಂಜೆ ಆ ಜನರ ನಡುವೆ ನಿಂತಿದ್ದೆ. ಈ ಪದ್ಧತಿ ಏನು, ಹೇಗೆ ನಡೆದುಕೊಂಡು ಬಂದಿದೆ, ಬೆಳಗಾವಿ ಸೀಮೆಯ ನಮಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇನೆ.

ಮೊದಲು ವಿಧಾನ ನೋಡೋಣ. ಬ್ಯೂಗಲ್ ಊದುವ ರಾಗದ ಹೆಸರು ‘ಲಾಸ್ಟ್ ಪೋಸ್ಟ್’. ಇದು ಮೂಲದಲ್ಲಿ ಶೋಕದ ರಾಗವಲ್ಲ. ಸೈನ್ಯದ ಬಿಡಾರದಲ್ಲಿ ರಾತ್ರಿ ಕಾವಲುಗಾರರೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದಾರೆಯೇ ಎಂದು ನೋಡಿಕೊಂಡು ಬಂದ ಮೇಲೆ, ಕೊನೆಯ ಠಾಣೆಯ ತಪಾಸಣೆಯೂ ಮುಗಿಯಿತು, ಇನ್ನು ಮಲಗಬಹುದು ಎಂದು ತಿಳಿಸುವ ಸೂಚನೆ. ಮುಂದೆ ಅದನ್ನು ಸೈನಿಕರ ಅಂತ್ಯಸಂಸ್ಕಾರದಲ್ಲಿ ಊದುವ ರೂಢಿ ಬಂತು. ನಮ್ಮ ಸೇನೆಯೂ ಇದನ್ನು ಉಳಿಸಿಕೊಂಡಿದೆ. ಊರಿಗೆ ಯೋಧನ ಪಾರ್ಥಿವ ಶರೀರ ಬಂದಾಗ ಮೂರು ಸುತ್ತು ಗುಂಡು ಹಾರಿಸುವುದರ ಜೊತೆಗೆ ಕೇಳಿಸುವ ಬ್ಯೂಗಲ್ ಅದೇ. ಈಪರ್‌ನಲ್ಲಿ ಲಾಸ್ಟ್ ಪೋಸ್ಟ್ ಮುಗಿದ ಬಳಿಕ ಒಂದು ನಿಮಿಷ ಮೌನ. ನಂತರ ಮಾಜಿ ಸೈನಿಕರು, ಶಾಲೆಯ ಮಕ್ಕಳು ಅಥವಾ ಸತ್ತವರ ಸಂಬಂಧಿಕರು ಹೂವಿನ ಚಕ್ರ ಇಡುತ್ತಾರೆ. ಕೊನೆಗೆ ಬೆಳಗಿನ ಜಾವ ಸೈನಿಕರನ್ನು ಎಬ್ಬಿಸಲು ಊದುವ ‘ರೆವೆಲಿ’ ಕೇಳಿಸುತ್ತದೆ. ಅಷ್ಟೇ. ಭಾಷಣವಿಲ್ಲ, ವೇದಿಕೆಯಿಲ್ಲ, ಚಪ್ಪಾಳೆಯೂ ಇಲ್ಲ. ಸಾಮಾನ್ಯ ದಿನಗಳಲ್ಲಿ ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿದು ವಾಹನಗಳು ಮತ್ತೆ ಓಡಾಡತೊಡಗುತ್ತವೆ.

ಇದನ್ನು ಶುರು ಮಾಡಿದ್ದು ಸರ್ಕಾರವಲ್ಲ. 1914ರಿಂದ 1918ರವರೆಗೆ ಈಪರ್ ಸುತ್ತ ನಡೆದ ಕದನಗಳಲ್ಲಿ ಊರು ಪೂರ್ತಿ ನೆಲಸಮವಾಗಿತ್ತು. ಯುದ್ಧ ಮುಗಿದ ಮೇಲೆ ಹಿಂದಿರುಗಿದ ಜನ ಅದನ್ನು ಮತ್ತೆ ಕಟ್ಟಿಕೊಂಡರು. ಪೂರ್ವ ದಿಕ್ಕಿನ ಹಳೆಯ ಕೋಟೆಬಾಗಿಲ ಜಾಗದಲ್ಲಿ ಬ್ರಿಟಿಷರು ಕಟ್ಟಿಸಿದ ಸ್ಮಾರಕ 1927ರ ಜುಲೈ 24ರಂದು ಉದ್ಘಾಟನೆಯಾಯಿತು. ಮರುವರ್ಷ ಊರಿನ ಪೊಲೀಸ್ ಮುಖ್ಯಸ್ಥ ಪಿಯೆರ್ ವಾಂಡೆನ್‌ಬ್ರಾಂಬುಶ್ ಎಂಬಾತ, ನಮ್ಮ ಊರಿಗಾಗಿ ಸತ್ತವರಿಗೆ ನಾವೇ ದಿನಾ ಬ್ಯೂಗಲ್ ಊದಿಸೋಣ ಎಂದು ನಿಶ್ಚಯಿಸಿದ. ಊದಬಲ್ಲವರು ಅಗ್ನಿಶಾಮಕ ದಳದಲ್ಲಿದ್ದರು. ಕೆಲಸ ಅವರ ಪಾಲಿಗೆ ಬಂತು, ಇಂದಿಗೂ ಅವರ ಬಳಿಯೇ ಇದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರನ್ನು ಹಿಡಿದಿದ್ದ 1940ರಿಂದ 1944ರವರೆಗೆ ಮಾತ್ರ ಅದು ಅಲ್ಲಿ ನಿಂತಿತ್ತು. 1944ರ ಸೆಪ್ಟೆಂಬರ್ 6ರಂದು ಪೋಲೆಂಡಿನ ಸೈನಿಕರು ಊರನ್ನು ಬಿಡಿಸಿದ ದಿನ, ಊರಿನ ಇತರೆಡೆ ಗುಂಡಿನ ಸದ್ದು ಇರುವಾಗಲೇ, ಅದೇ ಸಂಜೆ ಮತ್ತೆ ಊದಿದರು. 2015ರ ಜುಲೈಯಲ್ಲಿ 30,000ನೇ ಸಂಜೆ ಬಂತು. ಕೊರೊನಾ ಕಾಲದಲ್ಲಿ ಜನರನ್ನು ಬಿಡದೆ, ಒಬ್ಬನೇ ಊದುಗನನ್ನು ನಿಲ್ಲಿಸಿಯಾದರೂ ನಡೆಸಿದರು.

ಈಗ ಗೋಡೆಯ ವಿಷಯ. ಕಮಾನಿನ ಒಳಗೆ, ಮೆಟ್ಟಿಲುಗಳ ಪಕ್ಕ, ಮೇಲಿನ ಜಗಲಿಯ ಗೋಡೆಗಳ ಮೇಲೆ 54,000ಕ್ಕೂ ಹೆಚ್ಚು ಹೆಸರುಗಳನ್ನು ಕೊರೆದಿದ್ದಾರೆ. ಇವರು ಈಪರ್ ಸುತ್ತ ಸತ್ತವರೆಲ್ಲರೂ ಅಲ್ಲ, ಸತ್ತು ಶವ ಸಿಗದವರು ಅಥವಾ ಗುರುತು ಹತ್ತದವರು ಮಾತ್ರ. ಗೋರಿ ಇರುವವರ ಹೆಸರು ಗೋರಿಯ ಮೇಲಿದೆ, ಗೋರಿ ಇಲ್ಲದವರಿಗೆ ಈ ಗೋಡೆ. ಅಷ್ಟು ಎತ್ತರದ ಕಟ್ಟಡದಲ್ಲೂ ಜಾಗ ಸಾಲದೆ, 1917ರ ಆಗಸ್ಟ್ ನಡುವಿನ ನಂತರ ಕಾಣೆಯಾದ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಹತ್ತಿರದ ಟೈನ್ ಕಾಟ್ ಸ್ಮಶಾನದ ಗೋಡೆಗೆ ಒಯ್ಯಬೇಕಾಯಿತು. ಇಂದಿಗೂ ಹೊಲ ಉಳುವಾಗಲೋ ಪಾಯ ತೋಡುವಾಗಲೋ ಎಲುಬು ಸಿಗುವುದುಂಟು. ಅದು ಇಂಥವನದೇ ಎಂದು ಸಾಬೀತಾದರೆ ಗೌರವದಿಂದ ಹೂಳಿ, ಗೋರಿಯ ಕಲ್ಲಿನ ಮೇಲೆ ಹೆಸರು ಬರೆದು, ಆಮೇಲೆ ಗೋಡೆಯಿಂದ ಆ ಹೆಸರನ್ನು ತೆಗೆಯುತ್ತಾರೆ. ಲೆಕ್ಕ ಇಷ್ಟು ಕಟ್ಟುನಿಟ್ಟು.

ಈ ಗೋಡೆಯ ಮೇಲೆ 400ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಪಲ್ಟಣದ ಹೆಸರು, ಅದರ ಕೆಳಗೆ ಹುದ್ದೆ, ಅದರ ಕೆಳಗೆ ಅಕ್ಷರಕ್ರಮದಲ್ಲಿ ಮನುಷ್ಯರ ಹೆಸರು. ಸುತ್ತಲೂ ಇಂಗ್ಲಿಷ್ ಹೆಸರುಗಳೇ ಇರುವಲ್ಲಿ ಸುಬೇದಾರ್, ಹವಾಲ್ದಾರ್, ನಾಯಕ್, ಸಿಪಾಯಿ ಎಂಬ ಹುದ್ದೆಗಳು ಕಣ್ಣಿಗೆ ಬಿದ್ದಾಗ ಮನಸ್ಸು ಹಿಡಿದುಕೊಂಡಂತಾಯಿತು. ನಮ್ಮ ಕಡೆ ಮದುವೆಯ ಲಗ್ನಪತ್ರಿಕೆಯಲ್ಲೂ ಮನೆಯ ಬಾಗಿಲ ಮೇಲೂ ಕಾಣುವ ಪದಗಳು ಅವು. 1914ರ ಸೆಪ್ಟೆಂಬರ್ ಕೊನೆಗೆ ಲಾಹೋರ್ ವಿಭಾಗದ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು. ಮೀರತ್ ವಿಭಾಗ ಹಿಂದೆಯೇ ಬಂತು. ಬಿಸಿಲ ನಾಡಿನ ಹತ್ತಿಬಟ್ಟೆಯ ಸಮವಸ್ತ್ರದಲ್ಲೇ ಅನೇಕರು ಅಕ್ಟೋಬರಿನ ಚಳಿಯಲ್ಲಿ ಕಂದಕಕ್ಕೆ ಇಳಿದರು. 1915ರ ಏಪ್ರಿಲ್‌ನಲ್ಲಿ ಜರ್ಮನ್ನರು ಇಲ್ಲಿ ಮೊದಲ ಬಾರಿಗೆ ಕ್ಲೋರಿನ್ ವಿಷಾನಿಲ ಬಿಟ್ಟಾಗ ಲಾಹೋರ್ ವಿಭಾಗವನ್ನೂ ಆ ಕದನಕ್ಕೆ ಕರೆಸಿದರು. ಇಲ್ಲಿಂದ ದಕ್ಷಿಣಕ್ಕೆ, ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಭಾರತೀಯರಿಗೆಂದೇ ಕಟ್ಟಿದ ಸ್ಮಾರಕವಿದೆ. 1927ರಲ್ಲಿ ತೆರೆದ ಅದರ ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರುಗಳಿವೆ. ಆ ಊರನ್ನು 1914ರ ಅಕ್ಟೋಬರ್ 28ರಂದು ಹಿಡಿಯಲು ನುಗ್ಗಿದವರಲ್ಲಿ ಬಾಂಬೆ ಸ್ಯಾಪರ್ಸ್‌ನ ಎರಡು ಕಂಪನಿಗಳಿದ್ದವು. ಸೇತುವೆ, ಕಂದಕ ಕಟ್ಟುವ ಕೆಲಸದ ಸೈನಿಕರು ಅಂದು ಕಾಲಾಳುಗಳಂತೆ ಕಾದಾಡಿ ತೀರ ದೊಡ್ಡ ಪೆಟ್ಟು ತಿಂದರು.

ಹಾಗಾದರೆ ನಮ್ಮ ಸೀಮೆಯವರು ಎಲ್ಲಿದ್ದಾರೆ? ಇದಕ್ಕೆ ಉತ್ತರ ಹುಡುಕಬೇಕಾದದ್ದು ಮುಖ್ಯವಾಗಿ ಯುರೋಪಿನಲ್ಲಲ್ಲ, ಇರಾಕಿನಲ್ಲಿ.

ಆ ಯುದ್ಧದಲ್ಲಿ ಅತಿ ಹೆಚ್ಚು ಭಾರತೀಯರು ಹೋದದ್ದು ಆಗ ಮೆಸೊಪೊಟೇಮಿಯಾ ಎನ್ನುತ್ತಿದ್ದ ಆ ದೇಶಕ್ಕೆ. 1914ರ ನವೆಂಬರ್‌ನಲ್ಲಿ ಅಲ್ಲಿ ಇಳಿದ ಸೈನ್ಯದ ಹೆಸರು 6ನೇ ಪೂನಾ ವಿಭಾಗ. ಅದರಲ್ಲಿದ್ದ ಮೂರು ಕಾಲಾಳು ಬ್ರಿಗೇಡ್‌ಗಳಲ್ಲಿ 18ನೆಯದಕ್ಕೆ ಬೆಳಗಾವಿ ಬ್ರಿಗೇಡ್ ಎಂದೇ ಹೆಸರು. ಬ್ರಿಗೇಡ್ ಎಂದರೆ ನಾಲ್ಕು ಪಲ್ಟಣಗಳ ಗುಂಪು, ಕೆಲವು ಸಾವಿರ ಜನ. ಈ ಬ್ರಿಗೇಡ್‌ನಲ್ಲಿ 110ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಇತ್ತು, ಉಳಿದ ಬ್ರಿಗೇಡ್‌ಗಳಲ್ಲಿ 103 ಮತ್ತು 117ನೇ ಮರಾಠಾ ಪಲ್ಟಣಗಳಿದ್ದವು. ಇವು ಬಸ್ರಾ ಹಿಡಿದು, ಟೈಗ್ರಿಸ್ ನದಿಯ ಗುಂಟ ಮೇಲಕ್ಕೆ ಹೋಗಿ, ಬಾಗ್ದಾದಿನ ಹೊಸ್ತಿಲವರೆಗೂ ತಲುಪಿದವು. 1915ರ ನವೆಂಬರ್‌ನಲ್ಲಿ ಅಲ್ಲಿ ಪೆಟ್ಟು ತಿಂದು ಹಿಂದೆ ಸರಿದು ಕುಟ್ ಎಂಬ ಊರು ಸೇರಿದವು. ತುರ್ಕಿ ಸೈನ್ಯ ಸುತ್ತುಗಟ್ಟಿತು. ಸುಮಾರು ಐದು ತಿಂಗಳ ಮುತ್ತಿಗೆಯಲ್ಲಿ ಕಾಳು ಮುಗಿಯುತ್ತ ಬಂದಂತೆ ಕುದುರೆಗಳನ್ನು ಕೊಯ್ದರು. ಭಾರತೀಯ ಸಿಪಾಯಿಗಳಲ್ಲಿ ಬಹಳ ಮಂದಿ ಕುಲಧರ್ಮಕ್ಕೆ ಅಂಜಿ ಆ ಮಾಂಸ ಮುಟ್ಟಲಿಲ್ಲ. ತಾಜಾ ತರಕಾರಿಯೂ ಇಲ್ಲದೆ ಅವರಿಗೆ ಸ್ಕರ್ವಿ ಹತ್ತಿತು. ವಸಡು ಊದಿ ರಕ್ತ ಸುರಿದು, ಹಳೆಯ ಗಾಯವೂ ಮತ್ತೆ ಬಾಯಿ ತೆರೆಯುವ ರೋಗ ಅದು. 1916ರ ಏಪ್ರಿಲ್ 29ರಂದು ಸೈನ್ಯ ಶರಣಾಯಿತು. ಸೆರೆಸಿಕ್ಕವರನ್ನು ಮರುಭೂಮಿಯಲ್ಲಿ ನೂರಾರು ಮೈಲಿ ನಡೆಸಿ ರೈಲುದಾರಿ ಹಾಕುವ ಕೆಲಸಕ್ಕೆ ದೂಡಿದರು. ದಾರಿಯಲ್ಲಿ ಬಿದ್ದವರನ್ನು ಹೂಳುವವರೂ ಇರಲಿಲ್ಲ.

ಇವರಂತೆ ಗೋರಿ ಇಲ್ಲದವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಒಂದು ಸ್ಮಾರಕ ಎದ್ದಿತು. 40,000ಕ್ಕೂ ಹೆಚ್ಚು ಜನರ ನೆನಪಿನ ಜಾಗ ಅದು, ಅವರಲ್ಲಿ ಬಹುಪಾಲು ಭಾರತೀಯರು. ಆದರೆ ಅಲ್ಲಿನ ಗೋಡೆಯ ಮೇಲೆ ಹೆಸರು ಸಿಕ್ಕಿದ್ದು ಬ್ರಿಟಿಷರಿಗೂ, ಭಾರತೀಯರಲ್ಲಿ ಸುಬೇದಾರ್, ಜಮಾದಾರ್ ದರ್ಜೆಯವರಿಗೂ ಮಾತ್ರ. ಹವಾಲ್ದಾರ್‌ನಿಂದ ಕೆಳಗಿನ ಭಾರತೀಯರನ್ನು ಪಲ್ಟಣದ ಹೆಸರಿನ ಕೆಳಗೆ ಇಂತಿಷ್ಟು ಮಂದಿ ಎಂದು ಸಂಖ್ಯೆಯಲ್ಲಿ ಬರೆದರು.

ಇದು ಹೇಗಾಯಿತು ಎಂಬುದು ವಿಚಾರ ಮಾಡಬೇಕಾದ ಸಂಗತಿ. ಏಕೆಂದರೆ ಈಪರ್, ಬಸ್ರಾಗಳ ಎರಡೂ ಸ್ಮಾರಕಗಳನ್ನು ಕಟ್ಟಿದ್ದು ಒಂದೇ ಸಂಸ್ಥೆ. ಇಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎಂದು ಕರೆಯುವ ಅದು 1917ರಲ್ಲಿ ಸ್ಥಾಪನೆಯಾಯಿತು. ಜನರಲ್ ಆಗಲಿ ಜವಾನನಾಗಲಿ ಒಂದೇ ಬಗೆಯ ಕಲ್ಲು, ಪ್ರತಿಯೊಬ್ಬನಿಗೂ ಹೆಸರು, ಜಾತಿ ಧರ್ಮ ಹುದ್ದೆಗಳ ಭೇದವಿಲ್ಲ, ಇದು ಅದರ ಮೂಲ ನಿಯಮ. ಶ್ರೀಮಂತರು ಮಗನ ಶವವನ್ನು ಊರಿಗೆ ತರಿಸಿಕೊಂಡು ಬಡವರು ಸುಮ್ಮನಿರಬೇಕಾದೀತು ಎಂದು, ಶವವನ್ನು ಮನೆಗೆ ಒಯ್ಯುವುದನ್ನೇ ನಿಷೇಧಿಸಿದ್ದರು. ಯುರೋಪಿನ ಮಟ್ಟಿಗೆ ಈ ನಿಯಮ ಬಹುಮಟ್ಟಿಗೆ ನಡೆಯಿತು. ಆಫ್ರಿಕಾ, ಇರಾಕ್‌ಗಳಲ್ಲಿ ಸಡಿಲವಾಯಿತು. ಈ ಜನಕ್ಕೆ ಕಲ್ಲಿನ ಮೇಲೆ ಒಬ್ಬೊಬ್ಬರ ಹೆಸರು ಬರೆಸುವ ರೂಢಿಯಿಲ್ಲ, ಅದು ಅವರಿಗೆ ಅರ್ಥವಾಗುವಂಥದ್ದೂ ಅಲ್ಲ ಎಂಬುದು ಅಂದಿನ ಕೆಲವು ಅಧಿಕಾರಿಗಳ ತಿಳಿವಳಿಕೆಯಾಗಿತ್ತು. 2021ರ ಏಪ್ರಿಲ್‌ನಲ್ಲಿ ಆಯೋಗವೇ ನೇಮಿಸಿದ ಸಮಿತಿಯ ವರದಿ ಇದನ್ನು ಒಪ್ಪಿಕೊಂಡಿತು. ಕನಿಷ್ಠ 1,16,000, ಬಹುಶಃ 3,50,000ದವರೆಗೆ ಸೈನಿಕರು ಮತ್ತು ಸೈನ್ಯದ ಕೆಲಸಗಾರರ ಹೆಸರು ಎಲ್ಲೂ ದಾಖಲಾಗಿಲ್ಲ ಅಥವಾ ಅವರ ಸ್ಮರಣೆಯೇ ಆಗಿಲ್ಲ ಎಂದಿತು. ಬ್ರಿಟಿಷ್ ರಕ್ಷಣಾ ಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು.

ಕಲ್ಲಿನ ಮೇಲೆ ಹೆಸರು ಬರೆಸುವ ರೂಢಿಯಿಲ್ಲದ ಜನ ಎಂಬ ಮಾತನ್ನು ನಮ್ಮ ನಾಡಿನಲ್ಲಿ ನಿಂತು ಪರೀಕ್ಷಿಸಿ ನೋಡಬೇಕು. ಸವದತ್ತಿಯನ್ನು ರಟ್ಟರು ಆಳುತ್ತಿದ್ದ ಕಾಲಕ್ಕೂ, ಅದಕ್ಕಿಂತ ಹಿಂದೆಯೂ ಕನ್ನಡನಾಡಿನಲ್ಲಿ ವೀರಗಲ್ಲು ನಿಲ್ಲಿಸುತ್ತಿದ್ದರು. ಅದರ ರಚನೆ ಸಾಮಾನ್ಯವಾಗಿ ಮೂರು ಅಂತಸ್ತಿನದು. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಬರಹವಿರುವ ಕಲ್ಲುಗಳಲ್ಲಿ ಇಂಥ ರಾಜನ ಕಾಲದಲ್ಲಿ, ಇಂಥವನ ಮಗ ಇಂಥವನು, ತುರು ಹಿಡಿದೊಯ್ಯುತ್ತಿದ್ದ ಕಳ್ಳರೊಡನೆ ಹೋರಾಡಿ ದನಗಳನ್ನು ಬಿಡಿಸಿ ಸತ್ತ ಎಂಬಂಥ ವಿವರವಿರುತ್ತದೆ. ಕಲ್ಲು ನಿಲ್ಲಿಸಿದವರು ಯಾರು, ಸತ್ತವನ ಮನೆಯವರಿಗೆ ಕೊಟ್ಟ ಹೊಲ ಎಷ್ಟು ಎಂಬುದೂ ಇರುತ್ತದೆ. ಆ ಹೊಲಕ್ಕೆ ನೆತ್ತರುಗೊಡಗೆ ಎನ್ನುತ್ತಿದ್ದರು. ಈಗಿನ ಮಾತಿನಲ್ಲಿ ಹೇಳುವುದಾದರೆ ಹುತಾತ್ಮನ ಕುಟುಂಬಕ್ಕೆ ಊರು ಕೊಡುವ ಪಿಂಚಣಿ. ಇಲ್ಲಿ ವೀರ ಎಂದರೆ ದೊರೆಯೇ ಆಗಬೇಕಿಲ್ಲ, ದನ ಕಾಯಲು ಹೋದ ಸಾಮಾನ್ಯನೂ ಆಗಬಹುದು. ಬರಹವಿಲ್ಲದ ಕಲ್ಲುಗಳೂ ಬಹಳ ಇವೆ ನಿಜ, ಆದರೆ ಹೆಸರು ಕೊರೆಯುವುದು ನಮಗೆ ತಿಳಿಯದ್ದೇನೂ ಆಗಿರಲಿಲ್ಲ.

ಕಲ್ಲು ಇಲ್ಲದ ಕಡೆ ಹಾಡು ಆ ಕೆಲಸ ಮಾಡಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ ದಿನವನ್ನು ಲಾವಣಿಕಾರರು ಹಾಡುವಾಗ ರಾಣಿ ಚೆನ್ನಮ್ಮನ ಜೊತೆಗೆ ಅಮಟೂರ ಬಾಳಪ್ಪನ ಹೆಸರೂ ಗಜವೀರನ ಹೆಸರೂ ಬರುತ್ತವೆ. ಕಿತ್ತೂರಿನ ವೀರ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿ ಎರಡು ಶತಮಾನ ಹತ್ತಿರವಾದರೂ, ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಾಗಲೆಂದು ತೊಟ್ಟಿಲು ಕಟ್ಟುವವರು ಇದ್ದಾರೆ. ಬೈಲಹೊಂಗಲದ ಚೆನ್ನಮ್ಮನ ಸಮಾಧಿಗೆ ಪೂಜೆಯಾಗುತ್ತದೆ, ಅಕ್ಟೋಬರಿನ ಕಿತ್ತೂರು ಉತ್ಸವಕ್ಕೆ ವೀರಜ್ಯೋತಿ ಬರುತ್ತದೆ. ಆ ಥ್ಯಾಕರೆಯ ಸಮಾಧಿ ಕೂಡ ಧಾರವಾಡದಲ್ಲಿ ಉಳಿದಿದೆ. ಸ್ಮರಣೆಯ ವಿಷಯದಲ್ಲಿ ಈ ಸೀಮೆ ಬಡವೇನಲ್ಲ.

ಇಲ್ಲಿಯೇ ಒಂದು ಕಷ್ಟದ ಪ್ರಶ್ನೆಯೂ ಎದ್ದು ನಿಲ್ಲುತ್ತದೆ. ರಾಯಣ್ಣನನ್ನು ಗಲ್ಲಿಗೇರಿಸಿದ ಆಳ್ವಿಕೆಗಾಗಿಯೇ ಬಸ್ರಾಕ್ಕೆ ಹೋಗಿ ಸತ್ತವರನ್ನು ಕಿತ್ತೂರು ನಾಡು ಹೇಗೆ ನೆನೆಯಬೇಕು? ಹಲವರು ಅವರನ್ನು ಮರೆತದ್ದಕ್ಕೆ ಈ ಸಂಕೋಚವೂ ಒಂದು ಕಾರಣವಿರಬಹುದು. ನನಗೆ ಆ ಸಂಕೋಚ ಅರ್ಥವಾಗುತ್ತದೆ. ಆದರೆ ಅಂದಿನ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಮಳೆ ನಂಬಿದ ಎರೆಹೊಲದ ಮನೆಗೆ ತಪ್ಪದೆ ಬರುವ ದುಡ್ಡು ಅದು. ಯುದ್ಧ ಯಾರೊಡನೆ, ಏಕೆ ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಅವನ ಹೆಸರು ಬರೆಯುವುದೆಂದರೆ ಸಾಮ್ರಾಜ್ಯವನ್ನು ಹೊಗಳುವುದಲ್ಲ. ಅವನನ್ನು ಸಂಖ್ಯೆ ಮಾಡಿದ್ದೇ ಸಾಮ್ರಾಜ್ಯ. ಬಾಂಬೆ ಪ್ರಾಂತ್ಯದ ಅನೇಕ ಹಳ್ಳಿಗಳಲ್ಲಿ ಯುದ್ಧದ ಬಳಿಕ ಸರ್ಕಾರ ಅಮೃತಶಿಲೆಯ ಫಲಕ ಹಾಕಿಸಿತು. ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂದು ಅದರಲ್ಲಿ ಬರೆದಿತ್ತು. ಸತ್ತವನ ಸ್ವಂತ ಊರಿನಲ್ಲೂ, ಅವನ ಮನೆಯವರು ದಿನಾ ಓಡಾಡುವ ಓಣಿಯಲ್ಲೂ ಹೆಸರಿನ ಬದಲು ಅಂಕಿಯೇ ನಿಂತಿತು.

ನಂತರದ ವರ್ಷಗಳಲ್ಲಿ ಸ್ಥಿತಿ ಸುಧಾರಿಸಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಪಡೆಗಳು ಹೈಫಾ ಊರನ್ನು ಗೆದ್ದ ದಿನವನ್ನು ಅಲ್ಲಿಯೂ ಇಲ್ಲಿಯೂ ಆಚರಿಸುತ್ತಾರೆ. 1922ರ ನಂತರ ಬೆಳಗಾವಿಯನ್ನೇ ತರಬೇತಿಯ ಮನೆ ಮಾಡಿಕೊಂಡ ಮರಾಠಾ ರೆಜಿಮೆಂಟಿನ ಯಶವಂತ ಘಾಡ್ಗೆ 1944ರಲ್ಲಿ ಇಟಲಿಯಲ್ಲಿ ಕಾದಾಡಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದರು. ಅವರ ನೆನಪಿಗೆ 2023ರಲ್ಲಿ ಮೊಂಟೋನೆ ಎಂಬ ಊರಿನವರು ನೆರಳಿನಿಂದ ವೇಳೆ ತೋರಿಸುವ ಸೌರಗಡಿಯಾರ ಸ್ಥಾಪಿಸಿದರು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯದ ನಂತರ ಹುತಾತ್ಮರಾದವರೆಲ್ಲರ ಹೆಸರುಗಳಿವೆ. ಸಂಜೆ ಒಬ್ಬ ಯೋಧನ ಮನೆಯವರು ಬಂದು ಹೂಚಕ್ರ ಇಡುವ ಪದ್ಧತಿಯೂ ಇದೆ. ಉಳಿದ ಬಾಕಿ 1914ರಿಂದ 1921ರ ನಡುವಿನ ಆ ಸಂಖ್ಯೆಗಳದು.

ಆ ಬಾಕಿ ತೀರಿಸುವುದು ಅಸಾಧ್ಯವೇನಲ್ಲ. ಗೋಡೆಯ ಮೇಲೆ ಬಾರದ ಹೆಸರುಗಳು ಆಯೋಗದ ಕಡತಗಳಲ್ಲಿ ಬಹಳಷ್ಟು ಉಳಿದಿವೆ, ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಅನೇಕ ಭಾರತೀಯರ ನಮೂದಿನಲ್ಲಿ ತಂದೆಯ ಹೆಸರು, ಹಳ್ಳಿ, ತಾಲೂಕು, ಜಿಲ್ಲೆ ಇರುತ್ತವೆ. ಹುಡುಕುವವರು ಒಂದು ಎಚ್ಚರಿಕೆ ವಹಿಸಬೇಕು. ಆ ಕಾಲದಲ್ಲಿ ಬೈಲಹೊಂಗಲ ಎಂಬ ತಾಲೂಕಿರಲಿಲ್ಲ. ಕಚೇರಿ ಬೈಲಹೊಂಗಲದಲ್ಲಿದ್ದರೂ ತಾಲೂಕಿನ ಹೆಸರು ಸಂಪಗಾಂವ, ಕಿತ್ತೂರೂ ಅದರಲ್ಲೇ ಸೇರಿತ್ತು. ಸವದತ್ತಿಯ ತಾಲೂಕಿಗೆ ಪರಸಗಡ ಎಂದು ಹೆಸರು. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿದ್ದರಿಂದ ಅಲ್ಲಿಯವರನ್ನು ಬೆಳಗಾವಿ ಜಿಲ್ಲೆಯ ಬದಲು ರಾಮದುರ್ಗ ಸಂಸ್ಥಾನದ ಹೆಸರಿನಲ್ಲಿ ಬರೆದಿರಬಹುದು. ಹಳ್ಳಿಯ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಸೀಮೆ ಗೊತ್ತಿಲ್ಲದವರು ದೆಹಲಿಯಲ್ಲೋ ಲಂಡನ್ನಿನಲ್ಲೋ ಕೂತು ಇವನ್ನು ಬಿಡಿಸಲಾರರು. ನೇಸರಗಿಯನ್ನೋ ಯರಗಟ್ಟಿಯನ್ನೋ ಯಾವ ಅಕ್ಷರಗಳಲ್ಲಿ ಬರೆದರೂ ಗುರುತಿಸಬಲ್ಲವರು ಈ ಊರುಗಳವರೇ.

ಈಪರ್‌ನಲ್ಲಿ ನಾನು ಕಂಡದ್ದರಲ್ಲಿ ನನಗೆ ಮುಖ್ಯವೆನಿಸಿದ್ದು ಇದೇ: ಆ ಕೆಲಸ ಊರಿನವರ ಕೈಯಲ್ಲಿದೆ. ನಮ್ಮಲ್ಲೂ ಅಂಥ ಕೈಗಳಿಗೆ ಕೊರತೆಯಿಲ್ಲ. ತಾಲೂಕುಗಳಲ್ಲಿ ಮಾಜಿ ಸೈನಿಕರ ಸಂಘಗಳಿವೆ, ಬೆಳಗಾವಿಯಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಿದೆ, ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆಯಿದೆ. ಶಾಲೆಯ ಮಕ್ಕಳು ಜಾಲತಾಣದ ನಮೂದುಗಳನ್ನು ಹುಡುಕಿ ಪಟ್ಟಿ ಮಾಡಲಿ, ಮಾಜಿ ಸೈನಿಕರು ಹಳ್ಳಿಗಳಲ್ಲಿ ವಿಚಾರಿಸಿ ತಾಳೆ ನೋಡಲಿ, ಖಾತ್ರಿಯಾದ ಹೆಸರನ್ನು ಆಯಾ ಗ್ರಾಮ ಪಂಚಾಯಿತಿ ಕನ್ನಡದಲ್ಲಿ ಕಲ್ಲಿಗೆ ಹಾಕಿಸಲಿ. ಖರ್ಚು ದೊಡ್ಡದಲ್ಲ. ಕುಟ್ ಶರಣಾದ ಏಪ್ರಿಲ್ 29ರಂದು ಆ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, ಅದಕ್ಕೆ ವೇದಿಕೆ ಬೇಕಿಲ್ಲ.

ಮನೆಗಳಲ್ಲೂ ನೋಡಬೇಕು. ಆ ಯುದ್ಧಕ್ಕೆ ಹೋದ ಸಿಪಾಯಿಗಳಿಗೆ ಬೆಳ್ಳಿಯದೊಂದು ಪದಕ, ಕಂಚಿನದೊಂದು ಪದಕ ಕೊಟ್ಟಿದ್ದರು. ಬೆಳ್ಳಿಯದನ್ನು ಕಷ್ಟಕಾಲದಲ್ಲಿ ಅಕ್ಕಸಾಲಿಗನಿಗೆ ಕೊಟ್ಟು ಕರಗಿಸಿದವರು ಬಹಳ. ಕಂಚಿನದು ಎಲ್ಲೋ ಟ್ರಂಕಿನ ತಳದಲ್ಲಿ ಉಳಿದಿರಬಹುದು. ಅದರ ಮುಖದ ಮೇಲೆ ರೆಕ್ಕೆಯುಳ್ಳ ದೇವತೆಯ ಚಿತ್ರವಿದೆ, ಆದರೆ ನೋಡಬೇಕಾದದ್ದು ಅದನ್ನಲ್ಲ. ಪದಕವನ್ನು ಬೆರಳುಗಳ ನಡುವೆ ಹಿಡಿದು ಅಂಚನ್ನು ತಿರುಗಿಸುತ್ತ ಹೋದರೆ ಸಣ್ಣ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ: ಸಿಪಾಯಿಯ ನಂಬರು, ಹುದ್ದೆ, ಹೆಸರು, ಪಲ್ಟಣ. ಹಳೆಯ ಪಿಂಚಣಿ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ವಾರಸುದಾರರ ವಿವರ ಇರುತ್ತದೆ. ಅಂಥದ್ದೇನಾದರೂ ಸಿಕ್ಕವರು ಅದನ್ನು ಉಜ್ಜಿ ತೊಳೆಯುವ ಮೊದಲು ಅಂಚಿನ ಒಂದು ಫೋಟೋ ತೆಗೆದು, ತಾಲೂಕಿನ ಮಾಜಿ ಸೈನಿಕರ ಸಂಘಕ್ಕೆ ತಲುಪಿಸಬೇಕು.